ಊರು ಹಾಕುವ ಷರತ್ತು: ವಿಶ್ವವಿದ್ಯಾಲಯ ಮತ್ತು ಸಮುದಾಯ ಸಂಘಟನೆಗಳ ಪಾಲುದಾರಿಕೆ

ವಿದ್ಯಾರ್ಥಿಗಳು ಕಲಿಕೆಗಾಗಿ ಹಳ್ಳಿಗೆ, ಕೊಳೆಗೇರಿಗೆ, ಸ್ವಯಂಸೇವಾ ಸಂಸ್ಥೆಗೆ ಹೋಗಬೇಕೇ ಬೇಡವೇ ಎಂಬ ವಾದ ಈಗ ಬಹುಮಟ್ಟಿಗೆ ಮುಗಿದಿದೆ. ಹೋಗಬೇಕು ಎನ್ನುವುದನ್ನು ಹೆಚ್ಚುಕಡಿಮೆ ಎಲ್ಲರೂ ಒಪ್ಪುತ್ತಾರೆ. ಹೋದ ಮೇಲೆ ಅಲ್ಲಿ ಏನು ಕೆಲಸ ಆಗಬೇಕು, ಅದನ್ನು ಯಾರು ತೀರ್ಮಾನಿಸಬೇಕು, ಅದರ ಹೊರೆ ಯಾರ ತಲೆಯ ಮೇಲೆ ಬೀಳಬೇಕು ಎನ್ನುವುದು ಮಾತ್ರ ಇನ್ನೂ ಬಗೆಹರಿದಿಲ್ಲ.

ನಮ್ಮಲ್ಲಿ ಈ ಪ್ರಶ್ನೆಗೆ ಹೊಸ ತುರ್ತು ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಮುದಾಯ ಸೇವೆಯನ್ನು ಕ್ರೆಡಿಟ್ ಇರುವ ಪಾಠವಾಗಿಯೇ ಪದವಿಯೊಳಗೆ ತರಲು ಹೇಳಿತು. ಅದೇ ವರ್ಷ ಯುಜಿಸಿಯೂ ಸಾಮಾಜಿಕ ಹೊಣೆಗಾರಿಕೆ ಮತ್ತು ಸಮುದಾಯದ ಒಡನಾಟ ಕುರಿತ ಚೌಕಟ್ಟೊಂದನ್ನು ಹೊರತಂದು, ತರಗತಿಯ ಜತೆ ಕ್ಷೇತ್ರಕಾರ್ಯವೂ ಇರುವ 2 ಕ್ರೆಡಿಟ್‌ಗಳ ಕೋರ್ಸನ್ನು ಸೂಚಿಸಿತು. ಕರ್ನಾಟಕ 2024ರಲ್ಲಿ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿದರೂ ಪ್ರಶ್ನೆ ಹಾಗೇ ಇದೆ. ಕ್ರೆಡಿಟ್ ಬೇಕಾದ ವಿದ್ಯಾರ್ಥಿಗಳು ಸಾವಿರಗಟ್ಟಲೆ ಇದ್ದಾರೆ. ಅವರನ್ನು ಕರೆದು ಕೂರಿಸಿ ಕೆಲಸ ಕಲಿಸಬಲ್ಲ ಸಂಘಟನೆಗಳು ಪ್ರತಿ ತಾಲ್ಲೂಕಿನಲ್ಲೂ ಬೆರಳೆಣಿಕೆಯಷ್ಟು.

ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದೇಶಗಳಲ್ಲಿ ಈ ಪಾಲುದಾರಿಕೆಯ ಬಗ್ಗೆ ಏನೇನು ಯೋಚನೆ ನಡೆದಿದೆ, ಯಾವ ವಾದ ಎಲ್ಲಿಯವರೆಗೆ ದಾರಿ ತೋರಿಸುತ್ತದೆ ಎಂಬುದನ್ನು ಈ ಲೇಖನ ನೋಡುತ್ತದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಸಮುದಾಯದ ಕಡೆಯವರಿಗೆ ಷರತ್ತು ಹಾಕುವ ಮತ್ತು ಬೇಡ ಎನ್ನುವ ಅಧಿಕಾರ ಎಷ್ಟಿದೆ ಎಂಬುದರ ಮೇಲೆಯೇ ಪಾಲುದಾರಿಕೆಯ ಗುಣ ನಿಂತಿದೆ. ಉಳಿದದ್ದೆಲ್ಲ ಅದರ ಮೇಲೆ ಕಟ್ಟುವಂಥದ್ದು.

ಎರಡು ಬೇರುಗಳು

ಮೊದಲ ಬೇರು ನಗರದ ಬಡವರ ನಡುವೆ ಇದೆ. 1884ರಲ್ಲಿ ಸ್ಯಾಮ್ಯುಯೆಲ್ ಬಾರ್ನೆಟ್ ಲಂಡನ್ನಿನ ಪೂರ್ವ ಭಾಗದಲ್ಲಿ ಟಾಯ್ನ್‌ಬಿ ಹಾಲ್ ತೆರೆದರು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಯುವಕರು ಬಡವರ ಬಡಾವಣೆಯಲ್ಲಿಯೇ ವಾಸವಿದ್ದು ಕೆಲಸ ಮಾಡಲಿ ಎಂಬುದು ಅವರ ಯೋಚನೆ. ಅದನ್ನು ನೋಡಿಬಂದ ಜೇನ್ ಆಡಮ್ಸ್ 1889ರಲ್ಲಿ ಶಿಕಾಗೋದಲ್ಲಿ ಎಲೆನ್ ಗೇಟ್ಸ್ ಸ್ಟಾರ್ ಜತೆಗೂಡಿ ಹಲ್ ಹೌಸ್ ಕಟ್ಟಿದರು. ಇದೇ ಧಾರೆ 1920ರ ದಶಕದಲ್ಲಿ ಮುಂಬಯಿಗೂ ಬಂತು. ಅಮೆರಿಕದ ಮಿಷನರಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ನಾಗಪಾಡಾದಲ್ಲಿ ನೆರೆಹೊರೆ ಕೇಂದ್ರವೊಂದನ್ನು ನಡೆಸಿದರು. ಅಲ್ಲಿಯ ಅನುಭವದಿಂದ 1936ರಲ್ಲಿ ಹುಟ್ಟಿದ ಸಮಾಜಕಾರ್ಯ ಶಾಲೆಯೇ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. ಮಂಗಳೂರಿನಲ್ಲಿ 1960ರಲ್ಲಿ ಆರಂಭವಾದ ರೋಶನಿ ನಿಲಯವೂ ಸೇರಿ ನಮ್ಮ ಎಲ್ಲ ಸಮಾಜಕಾರ್ಯ ವಿಭಾಗಗಳು ವಾರಕ್ಕಿಷ್ಟು ದಿನ ಎಂದು ಕ್ಷೇತ್ರಕಾರ್ಯ ನಡೆಸುವ ಪದ್ಧತಿ ಈ ಬೇರಿನದೇ.

ಎರಡನೆಯ ಬೇರು ಹೊಲದಲ್ಲಿದೆ. 1862ರ ಮೊರಿಲ್ ಕಾಯ್ದೆಯ ಮೂಲಕ ಅಮೆರಿಕ ಸರ್ಕಾರ ಜಮೀನು ಕೊಟ್ಟು ಕೃಷಿ, ತಾಂತ್ರಿಕ ಕಾಲೇಜುಗಳನ್ನು ಬೆಳೆಸಿತು. 1914ರ ಸ್ಮಿತ್-ಲೀವರ್ ಕಾಯ್ದೆ ಅವುಗಳಿಗೆ ವಿಸ್ತರಣೆಯ ಕೆಲಸ ಹೊರಿಸಿತು. 1922ರಲ್ಲಿ ಟಾಗೋರರು ಸುರುಲ್‌ನಲ್ಲಿ ಶ್ರೀನಿಕೇತನ ತೆರೆದಾಗ ಅದರ ಹೊಣೆ ಹೊತ್ತ ಲೆನರ್ಡ್ ಎಲ್ಮ್‌ಹರ್ಸ್ಟ್ ಕೃಷಿ ಕಲಿತದ್ದು ಇಂಥದೇ ಒಂದು ವಿಶ್ವವಿದ್ಯಾಲಯವಾದ ಕಾರ್ನೆಲ್‌ನಲ್ಲಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಇದೇ ಮಾದರಿಯಲ್ಲಿ, ಟೆನೆಸೀ ವಿಶ್ವವಿದ್ಯಾಲಯದ ನೆರವಿನೊಂದಿಗೆ ಹುಟ್ಟಿತು.

ಈ ಎರಡು ಬೇರುಗಳ ಸ್ವಭಾವವೇ ಬೇರೆ. ಮೊದಲನೆಯದು ಬಡವರ ಜತೆ ಬದುಕಿ ಕಲಿಯಿರಿ ಎಂದಿತು. ಎರಡನೆಯದು ಪ್ರಯೋಗಾಲಯದ ತಿಳಿವಳಿಕೆಯನ್ನು ರೈತನಿಗೆ ಮುಟ್ಟಿಸಿ ಎಂದಿತು. ಇಂದಿನ ಜಗಳಗಳಲ್ಲಿ ಅರ್ಧದಷ್ಟು ಈ ಎರಡನ್ನು ಒಂದೇ ಎಂದುಕೊಂಡದ್ದರಿಂದ ಬಂದವು.

ಸೇವೆಯೇ ಶಿಕ್ಷಣ ಎಂದವರು

ಸ್ವಾತಂತ್ರ್ಯದ ನಂತರ ನಮ್ಮಲ್ಲಿ ಬಲವಾಗಿ ಬೆಳೆದದ್ದು ಸೇವೆಯಿಂದ ವ್ಯಕ್ತಿತ್ವ ರೂಪಿಸುವ ವಾದ. 1937ರ ವಾರ್ಧಾ ಸಮ್ಮೇಳನದ, ಕೈಕೆಲಸದ ಮೂಲಕ ಕಲಿಸುವ ನಯೀ ತಾಲೀಮಿನ ಪ್ರಭಾವ ಅದರ ಹಿಂದಿತ್ತು. 1948-49ರ ರಾಧಾಕೃಷ್ಣನ್ ಆಯೋಗ, ಮುಂದೆ ಸಿ.ಡಿ. ದೇಶಮುಖ್ ಸಮಿತಿ, ಕೊಠಾರಿ ಆಯೋಗ ಎಲ್ಲವೂ ವಿದ್ಯಾರ್ಥಿಗಳ ರಾಷ್ಟ್ರಸೇವೆಯ ಬಗ್ಗೆ ಬರೆದವು. ಕೊನೆಗೆ 1969ರ ಸೆಪ್ಟೆಂಬರ್ 24ರಂದು ಅಂದಿನ ಶಿಕ್ಷಣ ಸಚಿವ, ಬಳ್ಳಾರಿಯ ಸಂಸದ ವಿ.ಕೆ.ಆರ್.ವಿ. ರಾವ್ ರಾಷ್ಟ್ರೀಯ ಸೇವಾ ಯೋಜನೆಗೆ (ಎನ್ನೆಸ್ಸೆಸ್) ಚಾಲನೆ ಕೊಟ್ಟರು. 37 ವಿಶ್ವವಿದ್ಯಾಲಯಗಳ ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ಅದು ಶುರುವಾಯಿತು.

ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ, ಜತೆಗೆ ಏಳು ದಿನಗಳ ವಿಶೇಷ ಶಿಬಿರ ಎಂಬುದು ಎನ್ನೆಸ್ಸೆಸ್ಸಿನ ಕ್ರಮ. ಕನ್ನಡ ನಾಡಿನ ಲಕ್ಷಾಂತರ ಪದವೀಧರರಿಗೆ ಆ ಶಿಬಿರದ ನೆನಪಿದೆ: ಸರ್ಕಾರಿ ಶಾಲೆಯ ಕೊಠಡಿಯಲ್ಲಿ ವಾಸ್ತವ್ಯ, ಬೆಳಿಗ್ಗೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ಸಂಜೆ ಊರವರ ಮುಂದೆ ಸಾಂಸ್ಕೃತಿಕ ಕಾರ್ಯಕ್ರಮ. ಪಟ್ಟಣದ ಹುಡುಗ ಹುಡುಗಿಯರಿಗೆ ಇದರಿಂದ ಆಗುವ ಲಾಭ ದೊಡ್ಡದು, ಅದನ್ನು ಹಗುರವಾಗಿ ಕಾಣಬಾರದು. ಜಾತಿ, ವರ್ಗ ಬೇರೆಯಾದವರು ಒಂದೇ ಪಂಕ್ತಿಯಲ್ಲಿ ಉಣ್ಣುವುದು, ಗುದ್ದಲಿ ಹಿಡಿದು ಕೈಯಲ್ಲಿ ಬೊಬ್ಬೆ ಏಳಿಸಿಕೊಳ್ಳುವುದು ಕೂಡ ಶಿಕ್ಷಣವೇ. ಆದರೆ ಎಂಟನೆಯ ದಿನ ಊರಿನಲ್ಲಿ ಏನು ಉಳಿಯುತ್ತದೆ ಎಂಬ ಪ್ರಶ್ನೆಗೆ ಈ ವಾದದಲ್ಲಿ ಜಾಗವೇ ಇಲ್ಲ. ಊರು ಇಲ್ಲಿ ಆತಿಥೇಯ ಮಾತ್ರ. ಯಾವ ಚರಂಡಿ, ಯಾವ ರಸ್ತೆ ಎಂಬುದನ್ನು ಮುಖ್ಯೋಪಾಧ್ಯಾಯರೋ ಪಂಚಾಯಿತಿಯವರೋ ಒಂದು ಮಾತಿನಲ್ಲಿ ಹೇಳಿ ಮುಗಿಸುತ್ತಾರೆ.

ಸೇವೆಯನ್ನು ಕಡ್ಡಾಯ ಮಾಡಿದ ದೇಶಗಳೂ ಇವೆ. ಮೆಕ್ಸಿಕೊದಲ್ಲಿ 1936ರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಂದ ಶುರುವಾದ ಸಾಮಾಜಿಕ ಸೇವೆ ಇಂದು ಪದವಿ ಪಡೆಯಲು ಕನಿಷ್ಠ 480 ಗಂಟೆಗಳ ಷರತ್ತಾಗಿದೆ.

ಅನುಭವದಿಂದ ಕಲಿಕೆ, ಕೊಡು-ಕೊಳ್ಳುವಿಕೆ

ಎರಡನೆಯ ಪಂಥ ಕಲಿಕೆಯ ಶಾಸ್ತ್ರದಿಂದ ಬಂತು. ಅನುಭವ ತಾನಾಗಿಯೇ ಶಿಕ್ಷಣವಾಗುವುದಿಲ್ಲ, ಅದರ ಬಗ್ಗೆ ಚಿಂತನೆ ನಡೆಯಬೇಕು ಎಂದು ಜಾನ್ ಡ್ಯೂಯಿ ವಾದಿಸಿದ್ದರು. 1984ರಲ್ಲಿ ಡೇವಿಡ್ ಕೋಲ್ಬ್ ಅದನ್ನು ಅನುಭವ, ಅವಲೋಕನ, ಪರಿಕಲ್ಪನೆ, ಪ್ರಯೋಗ ಎಂಬ ಚಕ್ರವಾಗಿ ಬಿಡಿಸಿ ತೋರಿಸಿದರು. ವಿದ್ಯಾರ್ಥಿಗಳು ದಿನಚರಿ ಬರೆಯುವುದು, ವಾರಕ್ಕೊಮ್ಮೆ ಅಧ್ಯಾಪಕರ ಎದುರು ಕುಳಿತು ಚರ್ಚಿಸುವುದು ಇದರ ಫಲ. ಎನ್ನೆಸ್ಸೆಸ್ಸಿಗೂ ಸಮಾಜಕಾರ್ಯ ವಿಭಾಗದ ಕ್ಷೇತ್ರಕಾರ್ಯಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಆದರೂ ಈ ವಾದದ ನಡುವೆ ನಿಂತಿರುವುದು ವಿದ್ಯಾರ್ಥಿ. ಸಮುದಾಯ ಅವನ ಪಠ್ಯಪುಸ್ತಕ.

ಆ ಕೊರತೆ ಕೋಲ್ಬ್‌ಗಿಂತ ಮೊದಲೇ ಕೆಲವರ ಕಣ್ಣಿಗೆ ಬಿದ್ದಿತ್ತು. 1960ರ ದಶಕದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ‘ಸರ್ವಿಸ್ ಲರ್ನಿಂಗ್’ ಎಂಬ ಹೆಸರು ಚಲಾವಣೆಗೆ ತಂದವರಲ್ಲಿ ಒಬ್ಬರಾದ ರಾಬರ್ಟ್ ಸಿಗ್ಮನ್ 1979ರಲ್ಲಿ ಮೂರು ತತ್ವ ಮುಂದಿಟ್ಟರು. ಸೇವೆಯ ಮೇಲಿನ ಹಿಡಿತ ಅದನ್ನು ಪಡೆಯುವವರ ಕೈಯಲ್ಲಿರಬೇಕು. ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಅವರ ಶಕ್ತಿ ಹೆಚ್ಚಬೇಕು. ಸೇವೆ ಮಾಡುವವರು ಕಲಿಯುವವರೂ ಆಗಿರಬೇಕು, ಏನು ಕಲಿಯಬೇಕೆಂಬುದರಲ್ಲಿ ಅವರ ಮಾತೂ ನಡೆಯಬೇಕು. ಮೊದಲನೆಯ ತತ್ವವನ್ನು ನಮ್ಮ ಎಷ್ಟು ಒಡಂಬಡಿಕೆಗಳು ಪಾಲಿಸುತ್ತವೆ ಎಂದು ಕೇಳಿಕೊಂಡರೆ ಸಾಕು, ನಾವು ಎಲ್ಲಿದ್ದೇವೆ ಎಂದು ತಿಳಿಯುತ್ತದೆ.

1985ರಲ್ಲಿ ಕ್ಯಾಂಪಸ್ ಕಾಂಪ್ಯಾಕ್ಟ್ ಎಂಬ ಕಾಲೇಜುಗಳ ಒಕ್ಕೂಟ ಹುಟ್ಟಿತು. 1990ರ ದಶಕದಲ್ಲಿ ಅರ್ನೆಸ್ಟ್ ಬೋಯರ್ ಸಮಾಜದೊಡನೆ ತೊಡಗುವುದೂ ವಿದ್ವತ್ತೇ ಎಂದು ವಾದಿಸಿದರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಐರಾ ಹಾರ್ಕವಿ ತಮ್ಮ ಕ್ಯಾಂಪಸ್ಸಿನ ಪಕ್ಕದ ಬಡಾವಣೆಯ ಶಾಲೆಗಳನ್ನೇ ವಿಶ್ವವಿದ್ಯಾಲಯದ ಕೆಲಸದ ನಡುವೆ ತಂದರು. ದಕ್ಷಿಣ ಆಫ್ರಿಕಾದಲ್ಲಿ 1999ರಲ್ಲಿ ಶುರುವಾದ ಯೋಜನೆಯೊಂದು ಇನ್ನೂ ಸೂಕ್ಷ್ಮವಾದ ಹೆಜ್ಜೆ ಇಟ್ಟಿತು. ಅಲ್ಲಿ ಪಾಲುದಾರರು ಮೂವರು: ವಿಶ್ವವಿದ್ಯಾಲಯ, ಸೇವೆ ಒದಗಿಸುವ ಸಂಸ್ಥೆ, ಮತ್ತು ಜನ. ಸ್ವಯಂಸೇವಾ ಸಂಸ್ಥೆಯನ್ನೇ ಸಮುದಾಯ ಎಂದು ಬಗೆಯುವ ನಮ್ಮ ರೂಢಿಗೆ ಈ ತ್ರಿಕೋನ ಒಂದು ಒಳ್ಳೆಯ ತಿದ್ದುಪಡಿ.

ಬರಬೇಡಿ ಎಂದವರು

1968ರ ಏಪ್ರಿಲ್‌ನಲ್ಲಿ ಇವಾನ್ ಇಲಿಚ್ ಮೆಕ್ಸಿಕೊದ ಕ್ವೆರ್ನವಾಕಾದಲ್ಲಿ, ಹಳ್ಳಿಗಳ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ ಇಂದಿಗೂ ಚುಚ್ಚುತ್ತದೆ. ನೋಡಲು ಬನ್ನಿ, ಓದಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂಬುದು ಅದರ ಸಾರ. ಭಾಷೆ ಬಾರದ, ಊರಿನ ಬದುಕು ತಿಳಿಯದ, ಬೇಕಾದಾಗ ಎದ್ದುಹೋಗಬಲ್ಲ ಯುವಕರು ಮಾಡುವ ಸೇವೆಯಿಂದ ಹಾನಿಯೇ ಹೆಚ್ಚು ಎಂಬುದು ಅವರ ವಾದ. ಪಾಲೊ ಫ್ರೇರಿಯ ಚಿಂತನೆ ಈ ಟೀಕೆಗೆ ಶಿಕ್ಷಣಶಾಸ್ತ್ರದ ಆಧಾರ ಕೊಟ್ಟಿತು. 2008ರಲ್ಲಿ ಟಾನಿಯಾ ಮಿಚೆಲ್ ಸಾಂಪ್ರದಾಯಿಕ ಸೇವಾಕಲಿಕೆ ಮತ್ತು ವಿಮರ್ಶಾತ್ಮಕ ಸೇವಾಕಲಿಕೆ ಎಂಬ ವಿಂಗಡಣೆ ಮಾಡಿ, ಎರಡನೆಯದಕ್ಕೆ ಅಧಿಕಾರದ ಹಂಚಿಕೆ, ನಿಜವಾದ ಸಂಬಂಧ, ಸಾಮಾಜಿಕ ಬದಲಾವಣೆಯ ಗುರಿ ಇರಬೇಕು ಎಂದರು.

ನಮ್ಮ ನೆಲದಲ್ಲಿ ಈ ಟೀಕೆಗೆ ಜಾತಿಯ ಆಯಾಮ ಸೇರುತ್ತದೆ. ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವ ಕಾರ್ಯಕ್ರಮದಲ್ಲಿ ಹಳ್ಳಿಯಲ್ಲೇ ಉಳಿದು ರೈತರ ಜತೆ ಕೆಲಸ ಮಾಡುತ್ತಾರೆ. ಆರಂಭದಲ್ಲಿ ಊರವರನ್ನು ಸೇರಿಸಿ ನೆಲದ ಮೇಲೆ ರಂಗೋಲಿ ಪುಡಿ, ಬಣ್ಣ, ಮರದ ಹೊಟ್ಟು, ಕಾಳು, ಎಲೆಗಳಿಂದ ಊರಿನ ನಕ್ಷೆ ಬರೆಸುತ್ತಾರೆ. ಕೆರೆಗೆ ನೀಲಿ, ತೋಟಕ್ಕೆ ಹಸಿರು, ಮನೆಗೊಂದು ಚೌಕ. ಸಾಮಾನ್ಯವಾಗಿ ಇದಕ್ಕೆ ಆರಿಸುವ ಜಾಗ ದೇವಸ್ಥಾನದ ಅಂಗಳ ಇಲ್ಲವೇ ಡೇರಿಯ ಮುಂದಿನ ಬಯಲು. ಅಲ್ಲಿ ಮೂಡುವ ಊರೇ ಬೇರೆ, ಅದೇ ನಕ್ಷೆಯನ್ನು ಕೇರಿಯಲ್ಲಿ ಬರೆಸಿದರೆ ಮೂಡುವ ಊರೇ ಬೇರೆ. ಕೆಟ್ಟುನಿಂತ ಬೋರ್‌ವೆಲ್, ಸ್ಮಶಾನಕ್ಕೆ ಹೋಗುವ ದಾರಿ, ಸಾಗುವಳಿ ಚೀಟಿ ಸಿಗದ ತುಂಡು ಜಮೀನು ಎರಡನೆಯದರಲ್ಲಿ ಕಾಣಿಸುತ್ತವೆ. ಸಮುದಾಯದೊಡನೆ ಪಾಲುದಾರಿಕೆ ಎಂದಾಗ ಊರಿನಲ್ಲಿ ಯಾರೊಡನೆ ಎಂದು ಕೇಳದೆ ಮುಂದೆ ಹೋಗಲಾಗದು. ಒಳ್ಳೆಯ ಅಧ್ಯಾಪಕರು ಎರಡೂ ನಕ್ಷೆ ಬರೆಸಿ, ವಿದ್ಯಾರ್ಥಿಗಳನ್ನು ಅವುಗಳ ನಡುವೆ ಕೂರಿಸುತ್ತಾರೆ.

ಜ್ಞಾನ ಯಾರದು ಎಂದು ಕೇಳಿದವರು

ನಾಲ್ಕನೆಯ ಪಂಥಕ್ಕೆ ಸೇವೆಗಿಂತ ಸಂಶೋಧನೆ ಮುಖ್ಯ. ಕೊಲಂಬಿಯಾದ ಒರ್ಲಾಂಡೊ ಫಾಲ್ಸ್ ಬೋರ್ಡಾ ಮೊದಲಾದವರು 1970ರ ದಶಕದಲ್ಲಿ ಸಹಭಾಗಿ ಸಂಶೋಧನೆಯ ದಾರಿ ತೆರೆದರು. ನೆದರ್‌ಲೆಂಡ್ಸ್‌ನ ವಿಶ್ವವಿದ್ಯಾಲಯಗಳಲ್ಲಿ ಅದೇ ಕಾಲಕ್ಕೆ ‘ವಿಜ್ಞಾನದ ಅಂಗಡಿ’ಗಳು ಬಂದವು. ನಾಗರಿಕರ ಸಂಘಗಳು ತಮ್ಮ ಪ್ರಶ್ನೆ ತರುತ್ತವೆ, ವಿದ್ಯಾರ್ಥಿಗಳು ಅಧ್ಯಾಪಕರ ಮಾರ್ಗದರ್ಶನದಲ್ಲಿ ಉತ್ತರ ಹುಡುಕುತ್ತಾರೆ. ನಮ್ಮಲ್ಲಿ ರಾಜೇಶ್ ಟಂಡನ್ 1982ರಲ್ಲಿ ಸ್ಥಾಪಿಸಿದ ‘ಪ್ರಿಯಾ’ ಈ ಪರಂಪರೆಯದು.

ಕರ್ನಾಟಕದಲ್ಲಿ ಈ ವಾದಕ್ಕೆ ಅತ್ಯುತ್ತಮ ಉದಾಹರಣೆ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’. 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಹುಟ್ಟಿ, ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದ ಈ ತಂಡ ಹತ್ತಿರದ ಪುರ ಎಂಬ ಹಳ್ಳಿಯಲ್ಲಿ ಸಮುದಾಯ ಗೊಬ್ಬರದನಿಲ ಸ್ಥಾವರ ಕಟ್ಟಿತು. ಮನೆಮನೆಗೆ ಅಡುಗೆ ಅನಿಲ ಕೊಡುವುದು ವಿಜ್ಞಾನಿಗಳ ಮೊದಲ ಗುರಿ. ಊರಿನ ಸಗಣಿಯಿಂದ ಎಲ್ಲರ ಒಲೆಗೂ ಸಾಲುವಷ್ಟು ಅನಿಲ ಬರಲಿಲ್ಲ. ಊರವರಿಗೆ ಅದಕ್ಕಿಂತ ತುರ್ತಾಗಿ ಬೇಕಿದ್ದದ್ದು ಕುಡಿಯುವ ನೀರು. ಯೋಜನೆಯ ದಿಕ್ಕೇ ಬದಲಾಯಿತು. 1987ರಿಂದ ಆ ಅನಿಲ ಎಂಜಿನ್ ಓಡಿಸಿತು, ವಿದ್ಯುತ್ತು ಬಂತು, ಕೊಳವೆಬಾವಿಯ ನೀರು ನಲ್ಲಿಗೆ ಹರಿಯಿತು, ಮನೆಗಳಲ್ಲಿ ದೀಪ ಉರಿಯಿತು. ಸಗಣಿ ತಂದವರಿಗೆ ತೂಕಕ್ಕೆ ತಕ್ಕಂತೆ ಹಣ ಸಿಗುತ್ತಿತ್ತು, ಬಗ್ಗಡ ಗೊಬ್ಬರವಾಗಿ ಹಿಂತಿರುಗುತ್ತಿತ್ತು. ಊರಿನ ಮಾತಿಗೆ ತಂಡ ತನ್ನ ಪ್ರಶ್ನೆಯನ್ನೇ ಬದಲಿಸಿಕೊಂಡಿತು. ಒಂದು ಸೆಮಿಸ್ಟರಿನ ಪ್ರಾಜೆಕ್ಟಿನಲ್ಲಿ ಹೀಗೆ ಬದಲಾಗಲು ಸಮಯವೇ ಇರುವುದಿಲ್ಲ.

ಸಂಸ್ಥೆಯ ಕಡೆಯಿಂದ ನೋಡಿದರೆ

ಇಷ್ಟೆಲ್ಲ ಬರವಣಿಗೆಯಲ್ಲಿ ಬಹುಕಾಲ ಕೇಳಿಬರದಿದ್ದ ದನಿ ಸಂಸ್ಥೆಗಳದ್ದು. ರ‍್ಯಾಂಡಿ ಸ್ಟೋಕರ್ ಮತ್ತು ಎಲಿಜಬೆತ್ ಟ್ರೈಯನ್ 2009ರಲ್ಲಿ ಪ್ರಕಟಿಸಿದ ಪುಸ್ತಕ ಅಮೆರಿಕದ ಮ್ಯಾಡಿಸನ್ ಪ್ರದೇಶದ ಅರವತ್ತಕ್ಕೂ ಹೆಚ್ಚು ಸಂಸ್ಥೆಗಳ ಕಾರ್ಯಕರ್ತರನ್ನು ಮಾತಾಡಿಸಿ ಬರೆದದ್ದು. ಅವಧಿ ಬಹಳ ಚಿಕ್ಕದು, ಕಾಲೇಜಿನ ಕ್ಯಾಲೆಂಡರು ಸಂಸ್ಥೆಯ ಕೆಲಸಕ್ಕೆ ಹೊಂದುವುದಿಲ್ಲ, ಅಧ್ಯಾಪಕರು ಸಂಪರ್ಕಕ್ಕೆ ಸಿಗುವುದಿಲ್ಲ, ಮೇಲ್ವಿಚಾರಣೆಗೆ ಹೋಗುವ ಸಮಯ ವಿದ್ಯಾರ್ಥಿ ಮಾಡುವ ಕೆಲಸಕ್ಕಿಂತ ಹೆಚ್ಚು ಎಂದು ಹಲವರು ಹೇಳಿದರು. ಆದರೂ ವಿದ್ಯಾರ್ಥಿಗಳನ್ನು ಏಕೆ ಸೇರಿಸಿಕೊಳ್ಳುತ್ತೀರಿ ಎಂದರೆ, ಮುಂದಿನ ಪೀಳಿಗೆಯನ್ನು ತಯಾರು ಮಾಡುವುದು ತಮ್ಮ ಕರ್ತವ್ಯ ಎಂಬ ಉತ್ತರವೂ ಅವರಿಂದ ಬಂತು. ಈ ಉತ್ತರ ನನ್ನ ಮನಸ್ಸನ್ನು ಬಹಳ ತಟ್ಟಿದೆ. ಕಲಿಸುವ ಹೊಣೆಯನ್ನು ಅವರು ಮನಸಾರೆ ಹೊತ್ತಿದ್ದಾರೆ. ಅದಕ್ಕೆ ತಕ್ಕ ಮನ್ನಣೆ ಕೊಡುವ ಹೊಣೆಯನ್ನು ವಿಶ್ವವಿದ್ಯಾಲಯಗಳು ಹೊತ್ತಿಲ್ಲ.

ಇಲ್ಲಿಯ ಚಿತ್ರವೂ ಅದೇ. ಸಮಾಜಕಾರ್ಯದ ವಿದ್ಯಾರ್ಥಿನಿಯೊಬ್ಬಳು ವಾರಕ್ಕೆರಡು ದಿನ ಮಹಿಳಾ ಸಂಘಟನೆಯೊಂದಕ್ಕೆ ಬರುತ್ತಾಳೆ ಎನ್ನಿ. ಅಲ್ಲಿಯ ಕಾರ್ಯಕರ್ತೆ ಅವಳನ್ನು ಬೀದಿ ಬೀದಿಗೆ ಕರೆದೊಯ್ದು ಪರಿಚಯಿಸಬೇಕು, ಸಂಘದ ಉಳಿತಾಯ ಪುಸ್ತಕ ಓದುವುದನ್ನು ಹೇಳಿಕೊಡಬೇಕು, ಹಾಜರಿಗೆ, ವರದಿಗೆ ಸಹಿ ಹಾಕಬೇಕು. ಸ್ವಸಹಾಯ ಸಂಘದ ಸಭೆ ಸೇರುವುದು ಹೆಂಗಸರು ಕೂಲಿಯಿಂದ ಬಂದು ಅಡುಗೆ ಮುಗಿಸಿದ ಮೇಲೆ, ರಾತ್ರಿ ಎಂಟಕ್ಕೆ. ವಿದ್ಯಾರ್ಥಿನಿಯ ಬಸ್ಸು ಸಂಜೆ ಐದಕ್ಕೆ. ಸಾಲ ಕಟ್ಟಲಾಗದವಳ ಪರವಾಗಿ ಉಳಿದವರು ಹೇಗೆ ವಾದಿಸುತ್ತಾರೆ, ತೀರ್ಮಾನ ಹೇಗೆ ಹುಟ್ಟುತ್ತದೆ ಎಂಬ ಮುಖ್ಯ ಪಾಠವೇ ಅವಳಿಗೆ ತಪ್ಪಿಹೋಗುತ್ತದೆ. ಅವಳ ಮುಖ ಎಲ್ಲರಿಗೂ ಗುರುತಾಗುವ ಹೊತ್ತಿಗೆ ಪರೀಕ್ಷೆ ಬಂದಿರುತ್ತದೆ. ಮುಂದಿನ ವರ್ಷ ಮತ್ತೊಬ್ಬಳು, ಮತ್ತೆ ಮೊದಲಿನಿಂದ.

ಷರತ್ತು ಹಾಕಿದ ಒಂದು ಬಡಾವಣೆ

ಪೂರ್ವ ಸೇಂಟ್ ಲೂಯಿಸ್ ಅಮೆರಿಕದ ಇಲಿನಾಯ್ ರಾಜ್ಯದ, ಬಹುಪಾಲು ಕಪ್ಪು ಜನರಿರುವ ಬಡ ಪಟ್ಟಣ. ಅದರ ಬಗ್ಗೆ ಇಲಿನಾಯ್ ವಿಶ್ವವಿದ್ಯಾಲಯ ಏನು ಮಾಡುತ್ತಿದೆ ಎಂದು ಶಾಸಕಿ ವೈವೆಟರ್ ಯಂಗ್ 1987ರಲ್ಲಿ ಕೇಳಿದ್ದರಿಂದ ಅಲ್ಲಿ ವಿದ್ಯಾರ್ಥಿ ಯೋಜನೆಗಳು ಶುರುವಾದವು. 1990ರಲ್ಲಿ ನಗರ ಯೋಜನೆಯ ಅಧ್ಯಾಪಕ ಕೆನ್ ರಿಯರ್ಡನ್ ಬಂದಾಗ, ಸಂಶೋಧಕರು ಬಂದು ಹೋಗುವುದನ್ನು ನೋಡಿ ನೋಡಿ ಬೇಸತ್ತಿದ್ದ ಸಮುದಾಯ ನಾಯಕಿ ಸಿಯೋಲಾ ಡೇವಿಸ್ ಷರತ್ತುಗಳನ್ನು ಮುಂದಿಟ್ಟರು. ಯಾವ ಸಮಸ್ಯೆ ಎತ್ತಿಕೊಳ್ಳಬೇಕೆಂದು ನಿವಾಸಿಗಳೇ ತೀರ್ಮಾನಿಸುತ್ತಾರೆ. ಕೆಲಸದ ಪ್ರತಿ ಹಂತದಲ್ಲೂ ಅವರು ಇರುತ್ತಾರೆ. ವಿಶ್ವವಿದ್ಯಾಲಯ ಕನಿಷ್ಠ ಐದು ವರ್ಷ ನಿಲ್ಲಬೇಕು. ಬರುವ ಹಣದಲ್ಲಿ ಬಡಾವಣೆಗೆ ನ್ಯಾಯವಾದ ಪಾಲು ಸಿಗಬೇಕು. ಕೆಲಸ ಮುಂದುವರಿಸಲು ನಿವಾಸಿಗಳದೇ ಸಂಸ್ಥೆ ಕಟ್ಟಲು ನೆರವಾಗಬೇಕು.

ವಿಶ್ವವಿದ್ಯಾಲಯ ಒಪ್ಪಿತು. ಖಾಲಿ ನಿವೇಶನಗಳ ಕಸ ತೆಗೆಯುವುದರಿಂದ, ಮಕ್ಕಳ ಆಟದ ಅಂಗಳದಿಂದ ಶುರುವಾದ ಕೆಲಸ ರೈತರ ಮಾರುಕಟ್ಟೆಗೆ, ಮನೆಗಳಿಗೆ ಬೆಳೆಯಿತು. ಲಘು ರೈಲು ಮಾರ್ಗವನ್ನು ತಮ್ಮ ಎಮರ್ಸನ್ ಪಾರ್ಕ್ ಬಡಾವಣೆಯ ಮೂಲಕ ತರುವಂತೆ ವಾದಿಸಿ ನಿವಾಸಿಗಳು ನಿಲ್ದಾಣವನ್ನೇ ಪಡೆದರು. ನಗರ ಯೋಜನೆ, ವಾಸ್ತುಶಿಲ್ಪ ಓದುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವ ತರಗತಿಯಲ್ಲೂ ಸಿಗಲಾರದು. ಜನರ ಹಿಡಿತ ಹೆಚ್ಚಿದರೆ ವಿದ್ಯಾರ್ಥಿಗಳ ಕಲಿಕೆ ಕಡಿಮೆಯಾಗುತ್ತದೆ ಎಂಬ ಅಂಜಿಕೆಗೆ ಇಲ್ಲಿ ಉತ್ತರವಿದೆ.

ಎಣಿಕೆಯ ತೊಡಕು

ನಮ್ಮಲ್ಲಿ ಕಾಗದದ ಮೇಲೆ ಕೊರತೆ ಇಲ್ಲ. 2014ರ ಉನ್ನತ ಭಾರತ ಅಭಿಯಾನದಲ್ಲಿ ಸೇರಿದ ಸಂಸ್ಥೆಗಳು ಐದೈದು ಹಳ್ಳಿಗಳನ್ನು ಆರಿಸಿಕೊಳ್ಳುತ್ತವೆ. ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯವನ್ನು ಓದಿನುದ್ದಕ್ಕೂ ಗಮನಿಸುವ ಕಾರ್ಯಕ್ರಮ ಬಂದಿದೆ. ಒಂದೇ ಮನೆಗೆ ವರ್ಷಗಟ್ಟಲೆ ಹೋಗಿಬರುವ ಈ ಯೋಚನೆ ತತ್ವದಲ್ಲಿ ಶಿಬಿರಕ್ಕಿಂತ ಎಷ್ಟೋ ಮೇಲು. ತೊಡಕಿರುವುದು ಎಣಿಕೆಯಲ್ಲಿ. ನ್ಯಾಕ್ ಮೌಲ್ಯಮಾಪನದಲ್ಲಿ ವಿಸ್ತರಣಾ ಚಟುವಟಿಕೆಗಳ ಸಂಖ್ಯೆ, ಪಾಲ್ಗೊಂಡ ವಿದ್ಯಾರ್ಥಿಗಳ ಸಂಖ್ಯೆ, ಒಡಂಬಡಿಕೆಗಳ ಸಂಖ್ಯೆ ಕೇಳುತ್ತಾ ಬಂದಿದ್ದಾರೆ. ಸಂಖ್ಯೆ ಕೇಳಿದರೆ ಕಾಲೇಜು ಸಂಖ್ಯೆಯನ್ನೇ ಕೊಡುತ್ತದೆ. ಒಂದೇ ಸಂಘಟನೆಯೊಡನೆ ಹತ್ತು ವರ್ಷ ನಿಂತ ವಿಭಾಗ ಈ ಲೆಕ್ಕದಲ್ಲಿ ಹಿಂದೆ ಬೀಳುತ್ತದೆ. ಇದು ಬದಲಾಗಲೇಬೇಕು.

ಇನ್ನೂ ತೀರ್ಮಾನವಾಗದವು

ಕಡ್ಡಾಯ ಮಾಡಬೇಕೇ ಎಂಬುದು ಮೊದಲನೆಯದು. ಕಡ್ಡಾಯವಾಗದಿದ್ದರೆ ಆಸಕ್ತರು ಮಾತ್ರ ಹೋಗುತ್ತಾರೆ, ಉಳಿದವರಿಗೆ ಆ ಬಾಗಿಲು ತೆರೆಯುವುದೇ ಇಲ್ಲ. ಕಡ್ಡಾಯವಾದರೆ ಮನಸ್ಸಿಲ್ಲದವರ ಭಾರ ಸಂಸ್ಥೆಯ ಮೇಲೆ ಬೀಳುತ್ತದೆ. ನನಗೆ ಎರಡೂ ವಾದಗಳಲ್ಲಿ ತೂಕ ಕಾಣುತ್ತದೆ. ವಿದ್ಯಾರ್ಥಿಯ ಕಲಿಕೆ ಅಳೆಯಲು ದಿನಚರಿ, ವರದಿ, ಸಂದರ್ಶನ ಇವೆ. ಊರಿಗೆ ಆದದ್ದನ್ನು ಅಳೆಯುವ ಒಪ್ಪಿತ ದಾರಿ ಎಲ್ಲಿಯೂ ಇಲ್ಲ. ಸಂಸ್ಥೆಯ ಕಡೆಯ ಮೇಲ್ವಿಚಾರಕಿಗೆ ಗೌರವಧನ ಕೊಟ್ಟರೆ ಸಂಬಂಧ ಹಣದ ವ್ಯವಹಾರವಾಗುತ್ತದೆಯೇ, ನ್ಯಾಯವಾಗುತ್ತದೆಯೇ ಎಂಬುದರಲ್ಲೂ ಒಮ್ಮತವಿಲ್ಲ. ಕೊಡಲೇಬೇಕು ಎಂಬ ಪಕ್ಷ ನನ್ನದು. ಅಂಕ ಕೊಡುವಾಗ ಆ ಮೇಲ್ವಿಚಾರಕಿಯ ಮಾತಿಗೆ ಎಷ್ಟು ಬೆಲೆ ಎಂಬುದೂ ತೆರೆದ ಪ್ರಶ್ನೆಯೇ. ದೂರದಿಂದ ಬರುವವರ ಪ್ರಶ್ನೆ ಇನ್ನೂ ಜಟಿಲ. ಕಾರ್ನೆಲ್‌ನಂಥ ವಿದೇಶಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮೈಸೂರಿಗೆ ಬಂದು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನಂಥ ಗಟ್ಟಿ ಸಂಸ್ಥೆಯೊಡನೆ ಕಲಿಯುತ್ತಾರೆ. ಅಂಥ ಸಂಸ್ಥೆಗೆ ಷರತ್ತು ಹಾಕುವ ಶಕ್ತಿ ಇದೆ. ನಾಲ್ಕೇ ಜನ ನಡೆಸುವ ತಾಲ್ಲೂಕು ಮಟ್ಟದ ಸಂಘಟನೆಗೆ ಆ ಶಕ್ತಿ ಎಲ್ಲಿಂದ ಬರಬೇಕು?

ಮ್ಯಾಡಿಸನ್‌ನಲ್ಲಿ ನಡೆದಂಥ ಅಧ್ಯಯನ ನಮ್ಮ ಜಿಲ್ಲೆಗಳಲ್ಲಿಯೂ ಆಗಬೇಕು. ನಮ್ಮ ಸಮಾಜಕಾರ್ಯ, ಕೃಷಿ ವಿಸ್ತರಣೆ, ಸಮುದಾಯ ವೈದ್ಯಕೀಯ ವಿಭಾಗಗಳು ತಾವು ವರ್ಷವರ್ಷವೂ ವಿದ್ಯಾರ್ಥಿಗಳನ್ನು ಕಳಿಸುವ ಸಂಘಟನೆಗಳ ಕಾರ್ಯಕರ್ತರನ್ನು ಕೂರಿಸಿ ಕೇಳಲಿ, ಅವರು ಹೇಳಿದ್ದನ್ನು ಕನ್ನಡದಲ್ಲಿ ಪ್ರಕಟಿಸಲಿ. ಮುಂದಿನ ಒಡಂಬಡಿಕೆಯ ಕರಡನ್ನು ಮೊದಲು ಆ ಸಂಘಟನೆಗಳೇ ಬರೆಯಲಿ.